ಆಚಾರ್ಯೆಯೂ ಆಚಾರ್ಯಾನಿಯೂ

ತಾನೇ ಪಾಠ ಹೇಳುವ ಸ್ತ್ರೀಯು ‘ಆಚಾರ್ಯಾ’, ಆಚಾರ್ಯನ ಪತ್ನಿಯು ‘ಆಚಾರ್ಯಾನೀ’ ಎಂದು ಅಮರಕೋಶವು ಭೇದವನ್ನು ತೋರಿಸಿರುವುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಬೃಹದಾರಣ್ಯಕದಲ್ಲಿಯೂ ಯಾಜ್ಞವಲ್ಕ್ಯನ ಪತ್ನಿಯರಲ್ಲಿ ಮೈತ್ರೇಯಿಯು ಬ್ರಹ್ಮವಾದಿನಿ. ಕಾತ್ಯಾಯನಿಯು ಗೃಹಕೃತ್ಯದಲ್ಲಿ ಬುದ್ಧಿಯುಳ್ಳವಳು. ಹೀಗೆ ವಿದ್ಯೆಯೂ ಗೃಹವೂ ಇಬ್ಬರಲ್ಲಿ ಹಂಚಲ್ಪಟ್ಟಿದ್ದುವು.

ವಿಶ್ವವಿದ್ಯಾನಿಲಯಗಳ ಯುಗದಲ್ಲಿ ಈ ಎರಡು ಭಾರಗಳೂ ಒಬ್ಬಳ ಮೇಲೆಯೇ ಬಂದುವು. ಇರಾವತಿ ಕರ್ವೆಯವರು 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿ, ಮೂವರು ಮಕ್ಕಳನ್ನು ಸಲಹುತ್ತಲೇ ಬೋಧಿಸಿದರು, ಗ್ರಂಥಗಳನ್ನು ರಚಿಸಿದರು. ಕನ್ನಡನಾಡಿನ ರಾಜೇಶ್ವರಿ ಚಟರ್ಜಿಯವರು ಮಿಚಿಗನ್ನಿನಲ್ಲಿ ಡಾಕ್ಟರೇಟ್ ಪಡೆದು, 1953ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ವಿದ್ಯೆಯನ್ನು ಕಲಿಸಿದರು. ಆ ಕಾಲದಲ್ಲಿಯೂ ಉತ್ತರಪತ್ರಿಕೆಗಳು ಅಧ್ಯಾಪಕಿಯರ ಮನೆಗೆ ಬರುತ್ತಿದ್ದುದುಂಟು. ತರಗತಿಯು ಮಾತ್ರ ಕಾಲೇಜಿನಲ್ಲಿಯೇ ಉಳಿಯುತ್ತಿತ್ತು. ಮನೆಗೂ ಕಾಲೇಜಿಗೂ ನಡುವಣ ದಾರಿಯೇ ಎರಡು ಕರ್ತವ್ಯಗಳ ಎಲ್ಲೆಯಾಗಿತ್ತು.

2020ರ ಮಾರ್ಚಿ ತಿಂಗಳಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಕಾಲೇಜುಗಳು ಮುಚ್ಚಲು, ಆ ಎಲ್ಲೆಯು ಅಳಿಸಿಹೋಯಿತು. ಪಾಠವು ಕಂಪ್ಯೂಟರು, ಮೊಬೈಲುಗಳ ಮೂಲಕ ಅಡುಗೆಮನೆಯ ಪಕ್ಕಕ್ಕೆ ಬಂದಿತು. ಯಂತ್ರದಿಂದ ಪ್ರಯಾಣದ ಹೊತ್ತು ಉಳಿಯಿತೆಂಬುದು ಸತ್ಯ. ಆದರೆ ಉಳಿದ ಹೊತ್ತು ಯಾರ ಪಾಲಾಯಿತು? ಭಾರತ ಸರ್ಕಾರದ 2019ರ ಕಾಲವಿನಿಯೋಗ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಪುರುಷರು 97 ನಿಮಿಷಗಳನ್ನೂ ಕೊಡುತ್ತಿದ್ದರು. ಈ ಹಂಚಿಕೆಯು ಬದಲಾಗದಿರುವಲ್ಲಿ ಯಂತ್ರವು ಉಳಿಸಿದ ಹೊತ್ತೂ ಮನೆಗೆಲಸಕ್ಕೇ ಸಲ್ಲುವುದು ಸಹಜ.

ಶಾಸನವೂ ಈ ವಿಷಯದಲ್ಲಿ ಸುಮ್ಮನಿರಲಿಲ್ಲ. ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ರಜೆಯ ತರುವಾಯ ಉಭಯಸಮ್ಮತಿಯಿಂದ ಮನೆಯಲ್ಲಿದ್ದೇ ಕೆಲಸಮಾಡಲು ಅವಕಾಶವಿತ್ತಿತು. 50 ಅಥವಾ ಹೆಚ್ಚು ನೌಕರರಿರುವೆಡೆ ಶಿಶುಪಾಲನಾಗೃಹವಿರಬೇಕೆಂದು ವಿಧಿಸಿತು. ಇವುಗಳಲ್ಲಿ ಎರಡನೆಯದು ಮನೆಯೊಳಕ್ಕೆ ಕಾಲೇಜನ್ನು ತರುವುದು. ಮೂರನೆಯದು ಮನೆಯ ಭಾರದಲ್ಲಿ ಒಂದು ಪಾಲನ್ನು ಸಂಸ್ಥೆಯೇ ಹೊರುವಂತೆ ಮಾಡುವುದು. ಅಧ್ಯಾಪಕಿಗೆ ಎರಡನೆಯದಕ್ಕಿಂತ ಮೂರನೆಯದೇ ಹೆಚ್ಚು ಹಿತಕರವೆಂಬುದು ಮೇಲಣ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ವ್ಯಾಕರಣದ ಒಂದಂಶವು ಗಮನಾರ್ಹವಾಗಿದೆ. ಪುಂಯೋಗದಿಂದ, ಎಂದರೆ ಪತಿಯ ಸಂಬಂಧದಿಂದ, ಪತ್ನಿಗೆ ‘ಆಚಾರ್ಯಾನೀ’ ಎಂಬ ಹೆಸರನ್ನೂ ಅದರೊಡನೆ ಗೃಹಕೃತ್ಯವನ್ನೂ ಪೂರ್ವಿಕರು ಕೊಟ್ಟರು. ಆಚಾರ್ಯೆಯ ಪತಿಗಾದರೋ ಸ್ತ್ರೀಯೋಗದಿಂದ ಹೆಸರನ್ನು ಕೊಡುವ ಸೂತ್ರವು ಪಾಣಿನಿಯಲ್ಲಿಲ್ಲ. ಹೆಸರಿಲ್ಲದಿದ್ದರೂ ಕರ್ತವ್ಯವು ಅವನಿಗೆ ಉಂಟೆಂದು ಗೃಹಗಳಲ್ಲಿ ಅಂಗೀಕೃತವಾಗುವವರೆಗೆ, ಯಾವ ಯಂತ್ರವೂ ಆಚಾರ್ಯೆಗೆ ವಿರಾಮವನ್ನು ಕೊಡಲಾರದು.