ಮೂರ್ತಿಯ ಹೆಸರು ಮತ್ತು ಪೀಠದ ಸಾಕ್ಷ್ಯ

ಜಿನಬಿಂಬವನ್ನು ಗುರುತಿಸಲು ನಮ್ಮ ಪೂರ್ವಾಚಾರ್ಯರು ಲಾಂಛನಗಳನ್ನು ಹೇಳಿದ್ದಾರೆ. ವೃಷಭವಿದ್ದರೆ ಆದಿನಾಥ, ಸಿಂಹವಿದ್ದರೆ ಮಹಾವೀರ. ಕಾಯೋತ್ಸರ್ಗದ ಭಂಗಿಯೊಂದನ್ನೇ ನೋಡಿ ಇವರು ಇಂಥ ತೀರ್ಥಂಕರರೆಂದು ನಿರ್ಣಯಿಸಲಾಗದು. ಈ ವಿವೇಕವನ್ನು ಮರೆತಾಗ ವಿದ್ವಾಂಸರೂ ಎಡವುತ್ತಾರೆಂಬುದಕ್ಕೆ ಪ್ರಾಚೀನ ಗ್ರೀಸಿನ ಶಿಲ್ಪಗಳು ನಿದರ್ಶನವಾಗಿವೆ.

ಕ್ರಿ.ಪೂ. 6ನೆಯ ಶತಮಾನದಲ್ಲಿ ಗ್ರೀಕ್ ಶಿಲ್ಪಿಗಳು ನಗ್ನ ತರುಣರ ನಿಂತ ಮೂರ್ತಿಗಳನ್ನು ಅಮೃತಶಿಲೆಯಲ್ಲಿ ಕಡೆದರು. ನೇರ ನೋಟ, ಇಳಿಬಿಟ್ಟ ತೋಳು, ಬಿಗಿದ ಮುಷ್ಟಿ, ಮುಂದಿಟ್ಟ ಎಡಗಾಲು, ತುಟಿಯಲ್ಲಿ ಕಿರುನಗೆ. 19ನೆಯ ಶತಮಾನದ ವಿದ್ವಾಂಸರು ಇವನ್ನು ಸಾಮಾನ್ಯವಾಗಿ ಅಪೊಲೊ ದೇವತೆಯ ವಿಗ್ರಹಗಳೆಂದು ಕರೆದರು. ಅಪೊಲೊವಿನ ಕ್ಷೇತ್ರಗಳಲ್ಲಿ ಇಂಥ ಮೂರ್ತಿಗಳು ಹರಕೆಯಾಗಿ ಸಂದಿದ್ದುದು ನಿಜ. ಆದರೆ ಕೊರಿಂತ್ ಬಳಿಯ ಟೆನಿಯಾದಲ್ಲಿ 1846ರಲ್ಲಿ ದೊರೆತು, ಈಗ ಮ್ಯೂನಿಕ್‌ನಲ್ಲಿರುವ ‘ಟೆನಿಯಾದ ಅಪೊಲೊ’ ಸಿಕ್ಕಿದ್ದು ದೇವಾಲಯದಲ್ಲಲ್ಲ, ಸಮಾಧಿಭೂಮಿಯಲ್ಲಿ.

ಅಥೆನ್ಸ್ ಸೀಮೆಯ ಅನಾವಿಸೋಸ್‌ನ ಮೂರ್ತಿಯ ಕಥೆ ಇನ್ನೂ ಬೋಧಪ್ರದ. 1.94 ಮೀಟರ್ ಎತ್ತರದ, ಕ್ರಿ.ಪೂ. ಸುಮಾರು 530ರ ಈ ಶಿಲ್ಪವನ್ನು ಕಳ್ಳರು ಅಗೆದು ಪ್ಯಾರಿಸ್‌ಗೆ ಸಾಗಿಸಿದ್ದರು. 1937ರಲ್ಲಿ ಅದು ಗ್ರೀಸಿಗೆ ಮರಳಿತು. ಈ ಮೂರ್ತಿಯದೇ ಎಂದು ಬಹುಮಂದಿ ವಿದ್ವಾಂಸರು ಒಪ್ಪಿರುವ ಪೀಠವೊಂದರಲ್ಲಿ ಶಾಸನವಿದೆ. ಕ್ರೋಯಿಸೋಸ್ ಎಂಬವನು ರಣದ ಮುಂಚೂಣಿಯಲ್ಲಿ ಮಡಿದನೆಂದು ಅದು ತಿಳಿಸಿ, ದಾರಿಹೋಕರು ನಿಂತು ಶೋಕಿಸಬೇಕೆಂದು ಕೋರುತ್ತದೆ. ರೂಪದಿಂದ ದೇವತೆಯೆನಿಸಬಹುದಾದವನು ಪೀಠದ ಮಾತಿನಿಂದ ಮರ್ತ್ಯನಾದ. ಕಳ್ಳರು ಮೂರ್ತಿಯನ್ನು ನೆಲೆಯಿಂದ ಕಿತ್ತ ಕಾರಣ, ಪೀಠಕ್ಕೂ ಅದಕ್ಕೂ ಇರುವ ಸಂಬಂಧವನ್ನು ವಿದ್ವಾಂಸರು ತರ್ಕದಿಂದ ಕೂಡಿಸಬೇಕಾಯಿತು.

ಇಂದು ಇವನ್ನು ‘ಕೂರೋಸ್’ ಎನ್ನುತ್ತಾರೆ, ಅರ್ಥ, ತರುಣ. ತಿಳಿದಷ್ಟನ್ನೇ ಹೇಳುವ ಹೆಸರಿದು.

ಈ ಮೂರ್ತಿಗಳ ಚಿತ್ರ ಕಂಡಾಗ ನಮ್ಮವರಿಗೆ ದಿಗಂಬರ ಬಿಂಬದ ನೆನಪಾಗುವುದು ಸಹಜ. ಆದರೆ ಅಲ್ಲಿಯ ನಗ್ನತೆ ಯೌವನದ, ದೇಹಬಲದ ಗೌರವ. ಇಲ್ಲಿಯದು ದೇಹಮಮತೆಯ ತ್ಯಾಗ. ಹೊರಗಣ ಹೋಲಿಕೆಯಿಂದಲೇ ನಂಟು ಕಟ್ಟಿದರೆ ನಾವೂ ಅದೇ ತಪ್ಪಿಗೆ ಬೀಳುತ್ತೇವೆ.

ಬಸದಿಗಳ ಆಡಳಿತ ಮಂಡಳಿಗಳು ಇದರಿಂದ ಕಲಿಯಬೇಕಾದುದಿದೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಹಳೆಯ ಪೀಠದ ಮೇಲೆ ಸಿಮೆಂಟು ಬಳಿದರೆ, ಹಾಸುಗಲ್ಲು ಕೂರಿಸಿದರೆ, ಬಿಂಬದ ಹೆಸರನ್ನೂ ದಾನಿಯ ಹೆಸರನ್ನೂ ನಾವೇ ಅಳಿಸಿದಂತೆ. ಕೆಲಸಕ್ಕೆ ಮೊದಲು ಪೀಠದ ಛಾಯಾಚಿತ್ರ ತೆಗೆಸಿ, ಅಕ್ಷರ ಬಲ್ಲವರಿಂದ ಓದಿಸೋಣ. ಲಾಂಛನವೂ ಶಾಸನವೂ ಇಲ್ಲದೆಡೆ ಫಲಕದಲ್ಲಿ ‘ತೀರ್ಥಂಕರ’ ಎಂದಷ್ಟೇ ಬರೆಸೋಣ. ಸತ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕರಿಗೆ ಇದೂ ವ್ರತಪಾಲನೆಯೇ.