ಕೆರೆಯ ಮೇಲೆ ತೇಲಿದ ಕಿವಿ

ರೇಡಿಯೋ ಪೆಟ್ಟಿಗೆಯ ತಿರುಗಣಿಯನ್ನು ಒಂದು ನಿಲಯದಿಂದ ಮತ್ತೊಂದಕ್ಕೆ ಹೊರಳಿಸುವಾಗ ನಡುವೆ ಕೇಳಿಬರುವ ‘ಸುಯ್’ ಎಂಬ ಸದ್ದು ಎಲ್ಲರಿಗೂ ಪರಿಚಿತವೇ. ನಮಗೆ ಅದು ಕಿರಿಕಿರಿ. ಆದರೆ 1933ರಲ್ಲಿ ಅಮೆರಿಕದ ಕಾರ್ಲ್ ಜಾನ್ಸ್ಕಿ ಎಂಬ ಇಂಜಿನಿಯರು, ಅಂತಹ ಸದ್ದಿನ ಒಂದು ಪಾಲು ಆಕಾಶಗಂಗೆಯಿಂದಲೇ ಬರುತ್ತಿದೆಯೆಂದು ತೋರಿಸಿಕೊಟ್ಟರು. ಅಂದಿನಿಂದ ವಿಜ್ಞಾನಿಗಳು ಆ ಸದ್ದಿಗೆ ಕಿವಿಗೊಡುತ್ತಲೇ ಬಂದಿದ್ದಾರೆ. ವಿಶ್ವದ ಬಾಲ್ಯದ ಕತೆಯನ್ನು ಅದರಲ್ಲಿ ಆಲಿಸುವ ಯತ್ನದ ಒಂದು ಅಧ್ಯಾಯ ನಮ್ಮ ನಾಡಿನ ಕೆರೆಯೊಂದರ ಮೇಲೆಯೇ ನಡೆಯಿತು.

ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ, ಸುತ್ತಲಿನ ಜಲಜನಕದ ಮೇಲೆ ಅವುಗಳ ಬೆಳಕಿನ ಗುರುತು ಬಿದ್ದಿತು. ಜಲಜನಕದ ರೇಡಿಯೋ ತರಂಗ 1420 ಮೆಗಾಹರ್ಟ್ಸ್‌ನದು. ವಿಶ್ವವು ಹಿಗ್ಗುತ್ತ ಬಂದುದರಿಂದ ಆ ಅಲೆಯೂ ಹಿಗ್ಗಿ, ಇಂದು ನಮ್ಮ ಎಫ್.ಎಂ. ಪ್ರಸಾರಕ್ಕಿಂತ ಸ್ವಲ್ಪ ಕೆಳಗೆ ಸಿಕ್ಕಬೇಕು. 2018ರಲ್ಲಿ, ಆಸ್ಟ್ರೇಲಿಯದ ನಿರ್ಜನ ಬಯಲಿನಲ್ಲಿ ‘ಎಡ್ಜಸ್’ ಎಂಬ ಉಪಕರಣವನ್ನಿಟ್ಟಿದ್ದ ತಂಡವು 78 ಮೆಗಾಹರ್ಟ್ಸ್ ಬಳಿ ಆ ಗುರುತು ಸಿಕ್ಕಿತೆಂದು ಸಾರಿತು. ಅದು ಲೆಕ್ಕ ಹಾಕಿದ್ದಕ್ಕಿಂತ ಎರಡರಷ್ಟಕ್ಕೂ ಮಿಗಿಲಾಗಿ ಆಳವಾಗಿದ್ದಿತು. ನಿಜವಾದರೆ ಭೌತವಿಜ್ಞಾನದ ಪಾಠಗಳನ್ನೇ ತಿದ್ದಬೇಕಾಗುತ್ತಿತ್ತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಇದನ್ನು ಪರೀಕ್ಷಿಸಹೊರಟರು. ತೊಡಕು ಇದ್ದುದು ನೆಲದಲ್ಲಿ. ಆಂಟೆನಾದ ಕೆಳಗಿನ ಮಣ್ಣು, ಕಲ್ಲು, ತೇವದ ಪದರಗಳು ತಮ್ಮ ಸದ್ದನ್ನೂ ಬೆರೆಸಿ, ಇಲ್ಲದ ಗುರುತನ್ನು ಇದ್ದಂತೆ ತೋರಿಸಬಲ್ಲವು. ನೀರಾದರೋ ಎಲ್ಲೆಡೆಯೂ ಒಂದೇ ಹದ. ಆದುದರಿಂದ 2020ರ ಆರಂಭದಲ್ಲಿ ಅವರು ‘ಸರಸ್-3’ ಎಂಬ ಆಂಟೆನಾವನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಬಿಟ್ಟರು. ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮೊದಲಾದವರ ಫಲಿತಾಂಶ 2022ರ ಫೆಬ್ರವರಿಯಲ್ಲಿ ಹೊರಬಿದ್ದಿತು: ಆಸ್ಟ್ರೇಲಿಯದಲ್ಲಿ ಕಂಡ ಗುರುತು ಇಲ್ಲಿ ಕಾಣದು, ಶೇಕಡ 95.3ರ ಭರವಸೆಯಿಂದ ಅದನ್ನು ತಳ್ಳಿಹಾಕಬಹುದು.

ಹಾಗೆಂದು ಹುಡುಕಾಟ ಮುಗಿಯಲಿಲ್ಲ. ಮೊದಲ ನಕ್ಷತ್ರಗಳ ನಿಜವಾದ ಗುರುತು ಇನ್ನೂ ಸಿಕ್ಕಬೇಕಾಗಿದೆ. ಬೇರೊಂದು ಬಗೆಯ ಹಿನ್ನೆಲೆಯೂ ಉಂಟು. ಅದು ಗುರುತ್ವದ ಅಲೆಗಳದು. ಪುಣೆಯ ಬಳಿಯ ರೇಡಿಯೋ ದೂರದರ್ಶಕದಿಂದ ಪಲ್ಸಾರ್ ತಾರೆಗಳ ಮಿಡಿತವನ್ನು ಅಳೆಯುವ ಭಾರತದ ತಂಡವು, ಯೂರೋಪಿನವರೊಡನೆ ಕೂಡಿ, 2023ರ ಜೂನಿನಲ್ಲಿ ಅದರ ಸುಳಿವನ್ನು ವರದಿ ಮಾಡಿತು. ರಾಮನ್ ಸಂಸ್ಥೆಯವರೂ ಈ ತಂಡದಲ್ಲಿದ್ದಾರೆ. ಆ ಅಲೆಗಳು ದೈತ್ಯ ಕಪ್ಪುಕುಳಿಗಳ ಜೋಡಿಗಳಿಂದ ಬಂದಿರುವುದೇ ಹೆಚ್ಚು ಸಂಭವ. ವಿಶ್ವದ ಮೊದಲ ಗಳಿಗೆಗಳವೂ ಆಗಿರಬಾರದೇಕೆ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಅದಕ್ಕೂ ಉತ್ತರ ದೊರೆಯುವುದು, ಕೇಳಿದುದನ್ನು ಮತ್ತೊಂದು ಕಡೆಯಿಂದ ಮತ್ತೊಮ್ಮೆ ಕೇಳಿ ನೋಡುವ ತಾಳ್ಮೆಯಿಂದಲೇ.