ಕಣ್ಣಿಗೆ ಕಂಡರೂ ಬೆಳೆಯದ ಕ್ಷಯಾಣು: ತುಮಕೂರು ಸಮೀಕ್ಷೆಯಿಂದ ಆರ್‌ಎನ್‌ಎ ಪರೀಕ್ಷೆಯವರೆಗೆ

ಭಾರತದ ಕ್ಷಯ ನಿಯಂತ್ರಣದ ಚರಿತ್ರೆ ಬರೆಯುವವರು ತುಮಕೂರು ಜಿಲ್ಲೆಯನ್ನು ಬಿಟ್ಟು ಮುಂದೆ ಹೋಗಲಾಗದು. ಬೆಂಗಳೂರಿನ ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆಯಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತನ್ನ ಮೊದಲ ದೊಡ್ಡ ಸಮೀಕ್ಷೆಗೆ ಆರಿಸಿಕೊಂಡದ್ದು ಈ ಜಿಲ್ಲೆಯನ್ನೇ. ತುಮಕೂರಿನ ಅಂಚಿನ ಕ್ಯಾತ್ಸಂದ್ರದಿಂದ ಬೆಂಗಳೂರು ಹೆದ್ದಾರಿಯಲ್ಲಿ ಸುಮಾರು 65 ಕಿ.ಮೀ. ಮಾತ್ರ. ಆದರೂ ಅಂದಿನ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಎಷ್ಟು ಜನ ಕ್ಷಯದಿಂದ ಕೆಮ್ಮುತ್ತಿದ್ದರೆಂದು ಸರ್ಕಾರಕ್ಕೆ ಖಚಿತವಾಗಿ ತಿಳಿದಿರಲಿಲ್ಲ.

1960–61ರಲ್ಲಿ ಸಂಸ್ಥೆಯ ರಾಜ್ ನಾರಾಯಣ್ ಮತ್ತು ಸಂಗಡಿಗರು ಆಯ್ದ ಹಳ್ಳಿಗಳಲ್ಲೂ ಪಟ್ಟಣದ ಭಾಗಗಳಲ್ಲೂ ಮನೆಮನೆ ಎಣಿಸಿದರು. ಟ್ಯೂಬರ್ಕ್ಯುಲಿನ್ ಚುಚ್ಚಿದರು, ಎಕ್ಸ್-ರೇ ತೆಗೆದರು, ಅನುಮಾನ ಬಂದವರ ಕಫ ಸಂಗ್ರಹಿಸಿದರು. ಕಫದಲ್ಲಿ ಕ್ಷಯಾಣು ಇರುವವರು ಸಾವಿರಕ್ಕೆ ಸುಮಾರು ನಾಲ್ವರು ಎಂಬ ಲೆಕ್ಕ ಸಿಕ್ಕಿತು. ಇದೇ ಜಿಲ್ಲೆಯಲ್ಲಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸಂಗತಿಯನ್ನು ತೋರಿಸಿತು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿಬಂದಿದ್ದರು, ಅಲ್ಲಿ ರೋಗ ಗುರುತಿಸುವವರಿರಲಿಲ್ಲ. ಹಳ್ಳಿಯವರಿಗೆ ಅರಿವಿಲ್ಲ ಎಂಬ ಮಾತನ್ನು ಸುಳ್ಳು ಮಾಡಿದ ಈ ಅಧ್ಯಯನ ನನ್ನ ಮಟ್ಟಿಗೆ ನಮ್ಮ ನಾಡಿನ ವೈದ್ಯವಿಜ್ಞಾನದ ಅತ್ಯಂತ ಮಾನವೀಯ ಬರಹಗಳಲ್ಲೊಂದು.

1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳ ಕೈಗೆ ಸೂಕ್ಷ್ಮದರ್ಶಕ ಕೊಟ್ಟಿತು. ಆ ತೀರ್ಮಾನ ಸರಿಯಾದದ್ದೇ. ಆದರೆ ಅದರೊಂದಿಗೆ ಒಂದು ಪ್ರಶ್ನೆ ಬದಿಗೆ ಸರಿಯಿತು: ಗಾಜಿನ ಮೇಲೆ ಕೆಂಪಾಗಿ ಕಾಣುವ ಕ್ಷಯಾಣು ಬದುಕಿದೆಯೋ, ಸತ್ತಿದೆಯೋ?

ಬಣ್ಣ ಹಾಕಿ ನೋಡುವ ವಿಧಾನಕ್ಕೆ ಸತ್ತದ್ದೂ ಒಂದೇ, ಬದುಕಿದ್ದೂ ಒಂದೇ. ಅದರಲ್ಲಿ ಕಾಣಿಸಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಅಣುಜೀವಿಗಳಾದರೂ ಬೇಕು. ಮೊಟ್ಟೆಯಿಂದ ಮಾಡಿದ ಹಸಿರು ಲೋವೆನ್‌ಸ್ಟೈನ್–ಜೆನ್ಸನ್ ಮಾಧ್ಯಮದಲ್ಲಿ ಕಲ್ಚರ್ ಮಾಡಿದರೆ ಹತ್ತರಿಂದ ನೂರು ಸಾಕು, ಆದರೆ ಎಂಟು ವಾರದವರೆಗೆ ಕಾಯಬೇಕು. ಬೆಳೆದರೆ ಜೀವವಿದೆ ಎನ್ನುವುದು ಖಚಿತ. ಬೆಳೆಯದಿದ್ದರೆ? ಕಫದಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಹಾಕುವ ಸೋಡಿಯಂ ಹೈಡ್ರಾಕ್ಸೈಡ್ ಕ್ಷಯಾಣುವನ್ನೂ ಒಂದಷ್ಟು ಕೊಲ್ಲುತ್ತದೆ. ಹಳ್ಳಿಯಿಂದ ಪ್ರಯೋಗಾಲಯಕ್ಕೆ ಸಾಗುವ ದಾರಿಯಲ್ಲೂ ಕೆಲವು ಸಾಯುತ್ತವೆ. ಇನ್ನು ಕೆಲವು ಬದುಕಿದ್ದೂ ವಿಭಜನೆಯಾಗದೆ ಸುಪ್ತವಾಗಿರುತ್ತವೆ. ಗಾಜಿನಲ್ಲಿ ಕಂಡು ಕಲ್ಚರ್‌ನಲ್ಲಿ ಬೆಳೆಯದ ಮಾದರಿಗಳ ಗೊಂದಲದ ಮೂಲ ಇಲ್ಲಿದೆ. ಕುಷ್ಠದ ಬ್ಯಾಕ್ಟೀರಿಯಾದ ವಿಷಯದಲ್ಲಿ ಈ ತೊಡಕು ಇನ್ನೂ ದೊಡ್ಡದು. 1873ರಲ್ಲಿ ಹ್ಯಾನ್ಸನ್ ಅದನ್ನು ಕಂಡರೂ ಇಂದಿಗೂ ಅದು ಕೃತಕ ಮಾಧ್ಯಮದಲ್ಲಿ ಬೆಳೆದಿಲ್ಲ. 1960ರಲ್ಲಿ ಶೆಪರ್ಡ್ ಇಲಿಯ ಪಾದದಲ್ಲಿ ಅದನ್ನು ಬೆಳೆಸಿ ತೋರಿಸಿದ ಮೇಲೆಯೇ ಅದರ ಜೀವ ಅಳೆಯುವ ದಾರಿ ಸಿಕ್ಕಿತು.

ಸುಪ್ತ ಕ್ಷಯಾಣುವಿಗೆ ಪ್ರಯೋಗದ ಸಾಕ್ಷ್ಯ ಸಿಕ್ಕದ್ದು 1956ರಲ್ಲಿ. ನ್ಯೂಯಾರ್ಕಿನ ಕಾರ್ನೆಲ್‌ನಲ್ಲಿ ಮೆಕ್ಯೂನ್ ಮತ್ತು ಟಾಂಪ್ಸೆಟ್ ಸೋಂಕಿತ ಇಲಿಗಳಿಗೆ ಐಸೊನಿಯಾಜಿಡ್, ಪೈರಜಿನಮೈಡ್ ಕೊಟ್ಟರು. ಕಲ್ಚರ್‌ಗೆ ಒಂದೂ ಸಿಗದ ಸ್ಥಿತಿ ಬಂತು. ಔಷಧಿ ನಿಲ್ಲಿಸಿ ಕೆಲವು ತಿಂಗಳು ಬಿಟ್ಟರೆ ಸುಮಾರು ಮೂರನೇ ಒಂದು ಪಾಲು ಇಲಿಗಳಲ್ಲಿ ರೋಗ ಮರಳಿತು. 1998ರಲ್ಲಿ ಮುಕಮೊಲೊವಾ ಮತ್ತು ಸಂಗಡಿಗರು ಸುಪ್ತ ಬ್ಯಾಕ್ಟೀರಿಯಾವನ್ನು ಎಬ್ಬಿಸುವ ಒಂದು ಪ್ರೋಟೀನನ್ನು ಗುರುತಿಸಿದರು. 2010ರಲ್ಲಿ ಅವರದೇ ತಂಡ ಆ ಬಗೆಯ ಪ್ರೋಟೀನ್ ಬೆರೆಸಿ ಕ್ಷಯರೋಗಿಗಳ ಕಫವನ್ನು ಬೆಳೆಸಿದಾಗ, ಹೆಚ್ಚಿನ ಮಾದರಿಗಳಲ್ಲಿ ಮಾಮೂಲಿ ಕಲ್ಚರ್‌ಗೆ ಸಿಗುತ್ತಿದ್ದದ್ದು ಸಣ್ಣ ಪಾಲು ಮಾತ್ರ ಎಂದು ಗೊತ್ತಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2010ರ ಕೊನೆಗೆ ಒಪ್ಪಿದ, ನಮ್ಮಲ್ಲಿ ಸಿಬಿನ್ಯಾಟ್ ಎಂದು ಹೆಸರಾದ ಪರೀಕ್ಷೆ ಸುಮಾರು ಎರಡು ಗಂಟೆಯಲ್ಲಿ ಕ್ಷಯವನ್ನೂ ರಿಫಾಂಪಿಸಿನ್ ಔಷಧಿಗೆ ಅದರ ನಿರೋಧವನ್ನೂ ಹೇಳುತ್ತದೆ. ಅದು ಹುಡುಕುವುದು ಡಿಎನ್‌ಎಯನ್ನು. ಕ್ಷಯಾಣು ಸತ್ತ ಮೇಲೂ ಡಿಎನ್‌ಎ ಬಹುಕಾಲ ಉಳಿಯುವುದರಿಂದ ಚಿಕಿತ್ಸೆ ಫಲಿಸಿತೇ ಎಂದು ನೋಡಲು ಅದನ್ನು ಬಳಸುವಂತಿಲ್ಲ. ರೈಬೊಸೋಮಿನ ಆರ್‌ಎನ್‌ಎ ಹಾಗಲ್ಲ. ಜೀವಂತ ಕೋಶದಲ್ಲಿ ಹೇರಳವಾಗಿರುವ ಅದು ಕೋಶ ಸತ್ತ ಮೇಲೆ ಡಿಎನ್‌ಎಗಿಂತ ಬೇಗ ಕರಗುತ್ತದೆ. 2011ರಲ್ಲಿ ಹನಿಬೋರ್ನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ 16ಎಸ್ ಎಂಬ ರೈಬೊಸೋಮ್ ಆರ್‌ಎನ್‌ಎಯನ್ನು ಅಳೆದು, ಚಿಕಿತ್ಸೆಯ ಮೊದಲ ದಿನಗಳಲ್ಲೇ ಬದುಕಿರುವ ಕ್ಷಯಾಣುಗಳ ಇಳಿಕೆಯನ್ನು ಕೆಲವು ಗಂಟೆಗಳಲ್ಲಿ ತೋರಿಸಿತು. ಗಾಢ ಸುಪ್ತಾವಸ್ಥೆಯಲ್ಲಿ ಆರ್‌ಎನ್‌ಎ ಕಡಿಮೆಯಾಗುವುದು ಇದರ ಮಿತಿ. ಕಫವನ್ನು ಕೂಡಲೇ ರಾಸಾಯನಿಕದಲ್ಲಿ ಸಂರಕ್ಷಿಸದಿದ್ದರೆ ಅಳತೆಯೇ ತಪ್ಪುತ್ತದೆ.

ಈ ಕೊನೆಯ ತೊಡಕನ್ನು ಮಹಾನಗರದ ಪ್ರಯೋಗಾಲಯದಲ್ಲಿ ಕುಳಿತು ಬಿಡಿಸಲಾಗದು. ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಮನೆಮನೆಯ ಕಫ ಕೊಟ್ಟು ದೇಶದ ಕಾರ್ಯಕ್ರಮ ರೂಪಿಸಲು ನೆರವಾದ ತುಮಕೂರು ಜಿಲ್ಲೆಯಲ್ಲೇ ಆರ್‌ಎನ್‌ಎ ಪರೀಕ್ಷೆಯನ್ನು ತಾಲ್ಲೂಕು ಆಸ್ಪತ್ರೆಗಳ ಮಟ್ಟದಲ್ಲಿ ಒರೆಗೆ ಹಚ್ಚಲು ಆರೋಗ್ಯ ಇಲಾಖೆ ಮುಂದಾಗಬೇಕು.